ಹದಿನೇಳರೊಳಗಿನ ಹುಡುಗಿಯರ ಫುಟ್‌ಬಾಲ್ ತಂಡ ವರ್ಷವಿಡೀ ಶಿಬಿರದಲ್ಲೇ ಇರಬೇಕೆ?

ಪರ: ಮೈ ಗಟ್ಟಿಯಾಗಲು ತಿಂಗಳುಗಳು ಬೇಕು

2022ರ ಅಕ್ಟೋಬರ್ 11ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಭಾರತದ ಹುಡುಗಿಯರು ತಮ್ಮ ಮೊಟ್ಟಮೊದಲ 17 ವರ್ಷದೊಳಗಿನವರ ವಿಶ್ವಕಪ್ ಪಂದ್ಯ ಆಡಿದರು. ಅಮೆರಿಕ ಎಂಟು ಗೋಲು ಹೊಡೆಯಿತು, ವಿರಾಮದ ಹೊತ್ತಿಗೇ ಐದು. ತಿಂಗಳುಗಟ್ಟಲೆ ಶಿಬಿರ ನಡೆಸಿದ್ದು ದಂಡ ಎಂಬ ತೀರ್ಪಿಗೆ ಆ ಒಂದು ಸ್ಕೋರು ಸಾಲದು. ಮೂರೇ ದಿನದಲ್ಲಿ ಇದೇ ಹುಡುಗಿಯರು ಮೊರಾಕೊವನ್ನು ವಿರಾಮದವರೆಗೆ 0-0ಯಲ್ಲಿ ಹಿಡಿದಿಟ್ಟರು. 50ನೇ ನಿಮಿಷದ ಪೆನಾಲ್ಟಿಯಿಂದ ಪಂದ್ಯ ಕೈಜಾರಿ 0-3 ಆಯಿತು. 17ರಂದು ಬ್ರೆಜಿಲ್ ಎದುರು 0-5. ಏಳು ದಿನದೊಳಗೆ ತೊಂಬತ್ತು ನಿಮಿಷದ ಮೂರು ಪಂದ್ಯ, ನಡುವೆ ಎರಡೆರಡೇ ದಿನ ಬಿಡುವು. ಇದನ್ನು ತಾಳುವ ಮೈ ಮೊದಲು ಬೇಕು, ತಂತ್ರ ಆಮೇಲಿನ ಮಾತು.

ಮೈ ಎಂದರೆ ಬರೀ ಸ್ನಾಯುವಲ್ಲ. ಆ ತಂಡದ ನಾಯಕಿ ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯ ಹುಡುಗಿ. ಇಂಥ ಬಡ ಊರುಗಳಿಂದ ಬರುವ ಹದಿಹರೆಯದವರಲ್ಲಿ ರಕ್ತಹೀನತೆ ಸಾಮಾನ್ಯ. ಹಿಮೊಗ್ಲೋಬಿನ್ 12 ಗ್ರಾಂಗಿಂತ ಕೆಳಗಿದ್ದರೆ ಎಷ್ಟು ಓಡಿಸಿದರೂ ದಮ್ಮು ಹೆಚ್ಚುವುದಿಲ್ಲ, ಸುಸ್ತು ಮಾತ್ರ ಹೆಚ್ಚುತ್ತದೆ. 12ರ ಮೇಲಿದ್ದವಳಲ್ಲೂ ಫೆರಿಟಿನ್, ಅಂದರೆ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್, ಬರಿದಾಗಿರಬಹುದು, ಆದ್ದರಿಂದ ಎರಡನ್ನೂ ಪರೀಕ್ಷಿಸಬೇಕು. ಮಾತ್ರೆ ಕೊಟ್ಟರೂ ದೇಹದ ಕಬ್ಬಿಣದ ದಾಸ್ತಾನು ತುಂಬಲು ಮೂರು ತಿಂಗಳಾದರೂ ಹಿಡಿಯುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹೀರಿಕೆ ಕುಗ್ಗುತ್ತದೆ; ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಹೆಚ್ಚುತ್ತದೆ. ಇಷ್ಟು ಸಣ್ಣ ಅಭ್ಯಾಸ ಬದಲಾಗಬೇಕಾದರೂ ದಿನಾ ಅದೇ ಅಡುಗೆಮನೆ, ದಿನಾ ಗಮನಿಸುವ ಕಣ್ಣು ಬೇಕು.

ಇನ್ನು ಮೊಣಕಾಲು. ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಎಂಬ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಎರಡು ಮೂರು ಪಟ್ಟು. ಎದುರಾಳಿ ಗುದ್ದಬೇಕೆಂದೇನಿಲ್ಲ, ಹೆಡ್ ಮಾಡಿ ನೆಲಕ್ಕಿಳಿಯುವಾಗ ಅಥವಾ ಓಡುತ್ತ ಗಕ್ಕನೆ ತಿರುಗುವಾಗ ಮೊಣಕಾಲು ಒಳಕ್ಕೆ ವಾಲಿದರೆ ಸಾಕು. ಫಿಫಾದ ‘11 ಪ್ಲಸ್’ ವಾರ್ಮಪ್ ಇರುವುದೇ ಇದನ್ನು ತಡೆಯಲು: 8 ನಿಮಿಷ ನಿಧಾನ ಓಟ, 10 ನಿಮಿಷ ಬಲ ಮತ್ತು ಸಮತೋಲನದ ಆರು ವ್ಯಾಯಾಮ, 2 ನಿಮಿಷ ವೇಗದ ಓಟ. ಆರು ವ್ಯಾಯಾಮಕ್ಕೂ ಮೂರು ಹಂತಗಳಿವೆ. ಒಂಟಿ ಕಾಲಲ್ಲಿ ನಿಂತಾಗ ಸೊಂಟ, ಮೊಣಕಾಲು, ಪಾದ ಒಂದೇ ಗೆರೆಯಲ್ಲಿವೆಯೇ ಎಂದು ಎದುರು ನಿಂತು ನೋಡಬೇಕು, ತಪ್ಪಿದರೆ ಕೆಳಗಿನ ಹಂತಕ್ಕೆ ಇಳಿಸಬೇಕು. ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ಮಾಡಿದರೇ ಫಲ. ಟೂರ್ನಿಗೆ ಹದಿನೈದು ದಿನ ಮುಂಚೆ ಶುರು ಮಾಡಿ ಪ್ರಯೋಜನವಿಲ್ಲ, ಊರಲ್ಲಿ ಒಬ್ಬಳೇ ಮಾಡಿದರೆ ತಿದ್ದುವವರಿಲ್ಲ.

ಶಿಬಿರದವರಿಗೆ ಪಂದ್ಯ ಸಿಗದು ಎಂಬುದಕ್ಕೂ ಉತ್ತರವಿದೆ. 2022ರಲ್ಲಿ ಎಳೆಯರ ‘ಇಂಡಿಯನ್ ಆರೋಸ್’ ತಂಡವನ್ನು ಇಂಡಿಯನ್ ವುಮೆನ್ಸ್ ಲೀಗ್‌ನಲ್ಲೇ ಇಳಿಸಲಾಗಿತ್ತು. ಇಡೀ ಶಿಬಿರವನ್ನು ಪ್ರತಿ ವರ್ಷ ಹಾಗೆ ಹಿರಿಯರ ಲೀಗ್‌ಗೆ ನುಗ್ಗಿಸಬಹುದು. ಉತ್ತರ ಕೊರಿಯಾ 2013ರಲ್ಲಿ ಪ್ಯಾಂಗ್ಯಾಂಗ್‌ನಲ್ಲಿ ವಸತಿ ಫುಟ್‌ಬಾಲ್ ಶಾಲೆ ತೆರೆಯಿತು. ಆಮೇಲೆ 2016, 2024, 2025ರಲ್ಲಿ ಈ ವಯೋಮಿತಿಯ ವಿಶ್ವಕಪ್ ಗೆದ್ದಿತು. ಆ ದೇಶದ ಬೇರೆ ಯಾವುದನ್ನೂ ಒಪ್ಪಬೇಕಿಲ್ಲ. ಸಣ್ಣ ವಯಸ್ಸಿನಲ್ಲಿ ಒಟ್ಟಿಗೆ ಬೆಳೆದ ಹನ್ನೊಂದು ಜನ ಚೆಂಡು ಕಳೆದುಕೊಂಡ ಮರುಕ್ಷಣವೇ ಒಟ್ಟಾಗಿ ಹೇಗೆ ಎದುರಾಳಿಯ ಮೇಲೆ ನುಗ್ಗಿ ಒತ್ತಡ ಹಾಕುತ್ತಾರೆ ಎಂಬುದನ್ನು ನೋಡಿದರೆ ಸಾಕು.

ವಿರೋಧ: ಗೋಲು ಕಲಿಸುವುದು ಪಂದ್ಯ

ಆ ವಿಶ್ವಕಪ್‌ನ 270 ನಿಮಿಷಗಳಲ್ಲಿ ಭಾರತಕ್ಕೆ ಬಿದ್ದ ಗೋಲು 16, ಹೊಡೆದದ್ದು ಸೊನ್ನೆ. ಮೈ ಸಾಲಲಿಲ್ಲ ಎನ್ನುವುದು ಅರ್ಧ ಸತ್ಯ. ಮೊರಾಕೊ ಕೂಡ ಭಾರತದಂತೆಯೇ ಮೊದಲ ಸಲ ವಿಶ್ವಕಪ್ ಆಡುತ್ತಿತ್ತು. ಅವರ ಎದುರು ಮೊದಲರ್ಧ ತಡೆದು ನಿಂತದ್ದು ನಿಜ, ಆದರೆ ಚೆಂಡು ಸಿಕ್ಕ ಮೇಲೆ ಏನು ಮಾಡಬೇಕೆಂಬುದು ಹೊಳೆಯಲಿಲ್ಲ.

ಹೊಳೆಯುವುದಾದರೂ ಹೇಗೆ? ಮೂವತ್ತು ಜನರ ಶಿಬಿರದಲ್ಲಿ ವಾರವಾರವೂ ಅದೇ ಸ್ಟ್ರೈಕರ್‌ಗೆ ಅದೇ ಡಿಫೆಂಡರ್. ಆ ಸ್ಟ್ರೈಕರ್ ಎಡಕ್ಕೆ ತೋರಿಸಿ ಬಲಕ್ಕೆ ಹೋಗುತ್ತಾಳೆಂಬುದು ಎರಡನೇ ವಾರಕ್ಕೇ ಎಲ್ಲರಿಗೂ ಗೊತ್ತು. ಅಭ್ಯಾಸದಲ್ಲಿ ಚೆಂಡು ಕಸಿದುಕೊಂಡ ಡಿಫೆಂಡರ್ ತಾನು ಬೆಳೆದೆ ಅಂದುಕೊಳ್ಳುತ್ತಾಳೆ. ನಿಜಕ್ಕೂ ಅವಳು ಗೆಳತಿಯನ್ನು ಬಾಯಿಪಾಠ ಮಾಡಿದ್ದಾಳೆ. ಅಪರಿಚಿತ ಸ್ಟ್ರೈಕರ್ ಎದುರಾದಾಗ ಅರ್ಧ ಸೆಕೆಂಡು ತಡವರಿಸುತ್ತಾಳೆ, ನಾಲ್ವರ ಗೆರೆಯಲ್ಲಿ ಇವಳೊಬ್ಬಳೇ ಒಂದು ಹೆಜ್ಜೆ ಹಿಂದೆ ಉಳಿಯುತ್ತಾಳೆ, ಒಟ್ಟಿಗೆ ಮುಂದೆ ಸರಿದು ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಕ್ಕಿಸುವ ಬಲೆ ಅಲ್ಲಿಗೆ ಹರಿಯಿತು. ಮೊದಲ ಗೋಲು ಬಿದ್ದ ಮೇಲೆ ಆಟದ ವೇಗ ಇಳಿಸುವುದು, ಥ್ರೋ-ಇನ್‌ಗೆ ಹೊತ್ತು ತೆಗೆದುಕೊಳ್ಳುವುದು, ಹತ್ತು ನಿಮಿಷ ಇನ್ನೊಂದು ಬೀಳದಂತೆ ಕಾಯುವುದು, ಇದನ್ನೆಲ್ಲ ಪಾಯಿಂಟ್ಸ್ ಪಣಕ್ಕಿಟ್ಟ ಪಂದ್ಯವಷ್ಟೇ ಕಲಿಸುತ್ತದೆ. ಆರೋಸ್ ಹೆಸರಲ್ಲಿ ಒಂದು ಲೀಗ್ ಆಡಿಸಿದರೆ ಕಲಿಯುವವರು ಮತ್ತೆ ಆ ಮೂವತ್ತೇ ಜನ.

ಆಯ್ಕೆಯ ತಪ್ಪು ಇನ್ನೂ ದೊಡ್ಡದು. ವಯಸ್ಸಿನ ಗಡಿ ಜನವರಿ 1. ಹದಿನಾಲ್ಕರ ಪ್ರಾಯದಲ್ಲಿ ಜನವರಿಯಲ್ಲಿ ಹುಟ್ಟಿದವಳಿಗೂ ಡಿಸೆಂಬರ್‌ನವಳಿಗೂ ಎತ್ತರ, ತೂಕದಲ್ಲಿ ಎದ್ದುಕಾಣುವ ಅಂತರ. ಟ್ರಯಲ್ಸ್‌ನಲ್ಲಿ ಮೊದಲು ಕಣ್ಣಿಗೆ ಬೀಳುವವಳು ಬೇಗ ಬೆಳೆದವಳೇ. ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರೆ, ಒಂದೂವರೆ ವರ್ಷದ ನಂತರ ಅರಳುವ ಹುಡುಗಿಯನ್ನು ನೋಡುವವರು ಯಾರು?

ಲೆಕ್ಕ ಹಾಕೋಣ. ಮೂವತ್ತು ಹುಡುಗಿಯರು 300 ದಿನ ಎಂದರೆ 9,000 ದಿನದ ಊಟ, ವಸತಿ. ಹತ್ತು ತಂಡ, ತಲಾ 18 ಆಟಗಾರ್ತಿಯರು, ತವರಲ್ಲೊಮ್ಮೆ ಎದುರಾಳಿಯ ಊರಲ್ಲೊಮ್ಮೆ ಆಡುವ ಲೀಗ್‌ಗೆ 90 ಪಂದ್ಯ. ಕಣದಲ್ಲಿ 180 ಹುಡುಗಿಯರು, ಪ್ರತಿ ತಂಡಕ್ಕೂ 18 ಪಂದ್ಯ. ಕರ್ನಾಟಕ ಮಹಿಳಾ ಲೀಗ್‌ನ ಪ್ರತಿ ಕ್ಲಬ್ಬೂ ಒಂದು ಕಿರಿಯರ ತಂಡ ಕಟ್ಟಿದರೆ ಇಂಥ ಲೀಗ್ ನಮ್ಮಲ್ಲೇ ಶುರುವಾದೀತು. ತಂಡ ಸಾಲದ ಊರಲ್ಲಿ ಹುಡುಗಿಯರು ಹುಡುಗರ ಜೊತೆ ಆಡಲಿ. ನೆದರ್ಲೆಂಡ್ಸ್‌ನಲ್ಲಿ ಅದು ಮಾಮೂಲು, ಆ ದೇಶ 2025ರ ಫೈನಲ್ ತಲುಪಿತು. ಎರಡು ತಿಂಗಳಿಗೊಮ್ಮೆ ಹತ್ತು ದಿನದ ರಾಷ್ಟ್ರೀಯ ಶಿಬಿರ ಇರಲಿ, ರಕ್ತಪರೀಕ್ಷೆ ಅಲ್ಲಾಗಲಿ. 11 ಪ್ಲಸ್ ಅನ್ನು ಕ್ಲಬ್ ಕೋಚ್‌ಗಳಿಗೇ ಕಲಿಸಬಹುದು. ಅದಕ್ಕೆ ಬೇಕಾದ್ದು ಆರು ಜೋಡಿ ಕೋನ್ ಮತ್ತು ಚೆಂಡುಗಳು.

ಇನ್ನೊಂದು ಮಾತನ್ನು ಬಿಡಲಾಗದು. 2022ರ ಯುರೋಪ್ ಪ್ರವಾಸದಲ್ಲಿ ಲೈಂಗಿಕ ದುರ್ವರ್ತನೆಯ ಆರೋಪದ ಮೇಲೆ ಸಹಾಯಕ ಕೋಚ್ ಒಬ್ಬರನ್ನು ವಜಾ ಮಾಡಬೇಕಾಯಿತು. ಮನೆಯಿಂದ ದೂರ, ತಂಡದ ಪಟ್ಟಿ ಬರೆಯುವವರ ಕೈಯಲ್ಲೇ ಬದುಕೂ ಇರುವಾಗ ಹದಿನಾರರ ಹುಡುಗಿ ಯಾರ ಬಳಿ ದೂರು ಹೇಳಿಯಾಳು? ಸಂಜೆ ಮನೆಗೆ ಹೋಗುವ ಹುಡುಗಿಗೆ ಅಮ್ಮನಾದರೂ ಇರುತ್ತಾಳೆ.

ಉತ್ತರ ಕೊರಿಯಾದ ಹೆಸರು ಹೇಳುವವರು 2024ರ ಫೈನಲ್ ನೆನಪಿಸಿಕೊಳ್ಳಲಿ. ಕ್ಲಬ್‌ಗಳಿಂದ ಆಟಗಾರ್ತಿಯರನ್ನು ಆರಿಸುವ ಸ್ಪೇನ್ ಎದುರು 1-1. ಗೆದ್ದದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. 2018, 2022ರ ಕಪ್ ಸ್ಪೇನ್‌ನದೇ. ನಮ್ಮ ಹುಡುಗಿಯರೂ 2025ರ ಆಗಸ್ಟ್‌ನಲ್ಲಿ ಥಿಂಪುವಿನ ದಕ್ಷಿಣ ಏಷ್ಯಾ ಟೂರ್ನಿಯಲ್ಲಿ ಬಾಂಗ್ಲಾದೇಶ, ನೇಪಾಳ, ಭೂತಾನ್ ಜೊತೆ ಎರಡೆರಡು ಸಲ, ಒಟ್ಟು ಆರು ಪಂದ್ಯ ಆಡಿ ಕಪ್ ಗೆದ್ದರು. ಅಕ್ಟೋಬರ್‌ನಲ್ಲಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಉಜ್ಬೇಕಿಸ್ತಾನ ಮೊದಲು ಗೋಲು ಹೊಡೆಯಿತು. ನಮ್ಮವರು ಕಂಗೆಡದೆ ದ್ವಿತೀಯಾರ್ಧದಲ್ಲಿ ಎರಡು ಹೊಡೆದು, 2-1ರಿಂದ ಗೆದ್ದು ಏಷ್ಯಾ ಕಪ್‌ಗೆ ಅರ್ಹತೆ ಪಡೆದರು.