ಇಲ್ಲದ ಗುಂಡಿ

ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಹತ್ತಿರದ ರೈಲ್ವೆ ಗೇಟ್ ದಾಟಿ ಬೋಗಾದಿ ಕಡೆ ಹೋಗುವಾಗ ನನಗೊಂದು ಗುಂಡಿ ಪರಿಚಯವಿತ್ತು. ಮೂರು ವರ್ಷದ ಪರಿಚಯ. ಮೊದಲು ಅಂಗೈ ಅಗಲ ಇತ್ತು. ಆಮೇಲೆ ರೊಟ್ಟಿ ಹೆಂಚಿನಷ್ಟಾಯಿತು. ಹೋದ ಮಳೆಗಾಲದಲ್ಲಿ ಯಾರೋ ಪುಣ್ಯಾತ್ಮರು ಅದರೊಳಗೆ ಬೇವಿನ ಕೊಂಬೆ ನೆಟ್ಟು ಹೋಗಿದ್ದರು. ಅದು ಚಿಗುರದಿದ್ದುದೇ ಆಶ್ಚರ್ಯ.

ಕುವೆಂಪುನಗರದಿಂದ ಹೆಬ್ಬಾಳದ ಕೈಗಾರಿಕಾ ಪ್ರದೇಶಕ್ಕೆ ದಿನಾ ಇದೇ ದಾರಿ. ಸ್ಕೂಟರನ್ನು ನಾನು ಓಡಿಸುತ್ತೇನೆ ಅನ್ನುವುದು ಬರೀ ಮಾತಿಗೆ. ಎಲ್ಲಿ ಹಂಪ್ ಇದೆ, ಯಾವ ಬೇಕರಿ ಮುಂದೆ ಆಟೋ ಅಡ್ಡ ನಿಂತಿರುತ್ತದೆ, ಎಲ್ಲಾ ಕೈಗೇ ಗೊತ್ತು. ತಲೆ ಅಷ್ಟು ಹೊತ್ತು ಸಾಲದ ಕಂತಿನ ಲೆಕ್ಕ ಹಾಕುತ್ತಿರುತ್ತದೆ. ಎಷ್ಟೋ ದಿನ ಆಫೀಸಿನ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿದ ಮೇಲೆ, ‘ಅರೆ, ಇವತ್ತು ಗೇಟ್ ಹಾಕಿತ್ತಾ, ತೆಗೆದಿತ್ತಾ?’ ಅಂತ ನೆನಪಾಗದೆ ನಿಂತಿದ್ದೇನೆ.

ದಸರಾ ಬಂತು ಅಂದರೆ ನಮ್ಮೂರಿನ ಗುಂಡಿಗಳಿಗೆ ಮೋಕ್ಷ. ರಾತ್ರೋರಾತ್ರಿ ಟಾರು ಬೀಳುತ್ತದೆ. ಆಯುಧಪೂಜೆಗೆ ಎರಡು ದಿನ ಇರುವಾಗ ನನ್ನ ಗುಂಡಿಯನ್ನೂ ಮುಚ್ಚಿದರು. ಈ ಸುದ್ದಿ ಕಣ್ಣಿಗೆ ತಲುಪಿತ್ತೋ ಏನೋ, ಕೈಗೆ ತಲುಪಿರಲಿಲ್ಲ. ಜಾಗ ಬಂದ ತಕ್ಷಣ ಎಂದಿನಂತೆ ಹ್ಯಾಂಡಲ್ ಸರ್ರನೆ ಬಲಕ್ಕೆ ತಿರುಗಿತು. ಇಂಡಿಕೇಟರ್ ಇಲ್ಲ, ಕನ್ನಡಿ ನೋಡಿದ್ದಿಲ್ಲ.

ಗುಂಡಿ ಇದ್ದಾಗ ಹಿಂದಿನವರೂ ಅದನ್ನು ನೋಡಿ, ಇವನು ಬಲಕ್ಕೆ ಬರುತ್ತಾನೆ ಅಂತ ಜಾಗ ಬಿಡುತ್ತಿದ್ದರು. ಅವತ್ತು ರಸ್ತೆ ಕನ್ನಡಿ ಹಾಗಿತ್ತು. ಅಂಥ ರಸ್ತೆಯಲ್ಲಿ ಒಬ್ಬ ಮನುಷ್ಯ ಸುಮ್ಸುಮ್ನೆ ಯಾಕೆ ಸೊಟ್ಟ ಹೋಗುತ್ತಾನೆ, ಹೇಳಿ?

ಬಲಗಿವಿಯ ಪಕ್ಕದಲ್ಲೇ ಬ್ರೇಕ್ ಕಿರುಚಿತು. ಲಗೇಜ್ ಆಟೋ ಒಂದರ ಕನ್ನಡಿ ನನ್ನ ಶರ್ಟಿನ ತೋಳು ಸವರಿಕೊಂಡು ನಿಂತಿತು. ತುಂಬಾ ಬೂದುಗುಂಬಳ. ಗಾಡಿ ನಿಂತರೂ ಮೇಲಿದ್ದ ಒಂದು ಕಾಯಿ ನಿಲ್ಲಲಿಲ್ಲ. ನಿಧಾನವಾಗಿ, ಯೋಚನೆ ಮಾಡಿ ಹೊರಟಂತೆ ಉರುಳಿ, ನನ್ನ ಮುಂದಿನ ಚಕ್ರದ ಎದುರು ಬಿದ್ದು ಒಡೆಯಿತು. ಬೀಜ ನನ್ನ ಬೂಟಿನ ತನಕ ಹಾರಿತು. ನಿಂಬೆಹಣ್ಣು ಒಂದು ಬಾಕಿ, ಇಲ್ಲದಿದ್ದರೆ ನನ್ನ ಗಾಡಿಯ ಆಯುಧಪೂಜೆ ಅಲ್ಲೇ ಮುಗಿದಿತ್ತು.

‘ಏನಯ್ಯಾ, ಮನೇಲಿ ಹೇಳಿ ಬಂದಿದ್ದೀಯಾ?’ ಅಂತ ಡ್ರೈವರ್ ಕೂಗಿದ. ಹೆಲ್ಮೆಟ್ ತೆಗೆದೆ. ಬಿಳಿ ಕೂದಲು ಕಂಡಿತು. ಹುಡುಗನ ದನಿ ಇಳಿಯಿತು. ‘ಏನ್ ಸಾರ್ ನೀವು... ರೋಡ್ ಚೆನ್ನಾಗೇ ಇದೆಯಲ್ಲಾ ಸಾರ್?’

ಚೆನ್ನಾಗಿರುವುದೇ ತೊಂದರೆ ಅಂತ ಅವನಿಗೆ ಹೇಗೆ ಹೇಳಲಿ? ‘ಇಲ್ಲೊಂದು ಗುಂಡಿ ಇತ್ತಪ್ಪಾ’ ಅಂದೆ. ಅವನು ರಸ್ತೆ ನೋಡಿದ, ನನ್ನನ್ನು ನೋಡಿದ. ಕುಂಬಳಕಾಯಿಗೆ ನೂರು ರೂಪಾಯಿ ಕೊಟ್ಟೆ. ಹಬ್ಬದ ರೇಟು. ಹೋಳುಗಳನ್ನು ಇಬ್ಬರೂ ಸೇರಿ ಕಾಲಲ್ಲಿ ಪಕ್ಕಕ್ಕೆ ತಳ್ಳಿದೆವು. ದೃಷ್ಟಿ ತೆಗೆದು ಒಡೆದ ಕಾಯಿಯ ಮೇಲೇ ಬೇರೆಯವರ ಗಾಡಿ ಜಾರುವುದು ಈ ಊರಿಗೆ ಹೊಸದಲ್ಲ.

ಕೈಕಾಲು ನಡುಗಲು ಶುರುವಾಗಿದ್ದು ಆಮೇಲೆ, ಮಾನಸಗಂಗೋತ್ರಿಯ ಮರಗಳ ನೆರಳಲ್ಲಿ. ನಾನು 40ರ ವೇಗದಲ್ಲಿದ್ದೆ. ಅಂದರೆ ಸೆಕೆಂಡಿಗೆ 11 ಮೀಟರ್. ನಮ್ಮ ಮನೆ ಗೇಟಿನಿಂದ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ತನಕ, ಒಂದು ಸೆಕೆಂಡು. ಹುಡುಗನ ಕಾಲು ಅಷ್ಟು ತಡ ಮಾಡಿದ್ದರೂ ಸಾಕಿತ್ತು.

ಆದರೆ ದಿನವಿಡೀ ಕಾಡಿದ್ದು ಈ ಲೆಕ್ಕವಲ್ಲ, ಆ ಬೈಗುಳ. ನಿಜಕ್ಕೂ ಮನೇಲಿ ಹೇಳಿ ಬಂದಿದ್ದೆನಾ? ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಅನ್ನುವ ಹಾಗಿಲ್ಲ, ‘ಬರ್ತೀನಿ’ ಅನ್ನಬೇಕು. ಅವತ್ತು ಅಂದೆನೋ ಇಲ್ಲವೋ, ಎಷ್ಟು ತಿಣುಕಿದರೂ ನೆನಪಿಗೆ ಬರಲಿಲ್ಲ. ರೈಲ್ವೆ ಗೇಟಿನ ಕಥೆಯೇ.

ಸಂಜೆ ಇವಳನ್ನು ಕೇಳಿದೆ. ‘ಬೆಳಿಗ್ಗೆ ನಾನು ಬರ್ತೀನಿ ಅಂದಿದ್ನಾ?’

ಹುರುಳಿಕಾಯಿ ಮುರಿಯುತ್ತಿದ್ದವಳು ತಲೆ ಎತ್ತಲಿಲ್ಲ. ‘ಅಂದಿರ್ತೀರ. ನಾನೂ ಹ್ಞೂಂ ಅಂದಿರ್ತೀನಿ. ಯಾಕೆ?’

‘ಸುಮ್ನೆ’ ಅಂದೆ.

ಮಾರನೇ ದಿನ ಆ ಜಾಗ ಹತ್ತಿರವಾದಾಗ ವೇಗ ಇಳಿಸಿ, ಹ್ಯಾಂಡಲ್ ಗಟ್ಟಿಯಾಗಿ ಹಿಡಿದುಕೊಂಡೆ. ಟಾರಿಗೆ ಒಂದೆರಡು ಕುಂಬಳದ ಬೀಜ ಇನ್ನೂ ಅಂಟಿದ್ದವು. ನನ್ನ ಮುಂದೆ ಒಬ್ಬರು ಟಿಫಿನ್ ಕ್ಯಾರಿಯರ್ ನೇತುಹಾಕಿಕೊಂಡು ಸ್ಕೂಟರಿನಲ್ಲಿ ಹೋಗುತ್ತಿದ್ದರು. ಸರಿಯಾಗಿ ಅಲ್ಲಿಗೆ ಬಂದವರೇ ಸರ್ರನೆ ಬಲಕ್ಕೆ ತಿರುಗಿಸಿ, ಇಲ್ಲದ ಗುಂಡಿಯನ್ನು ಸುತ್ತು ಹಾಕಿ, ಮತ್ತೆ ಎಡಕ್ಕೆ ಬಂದು ಮುಂದೆ ಹೋದರು. ನಾನು ಹಾರ್ನ್ ಹೊಡೆದೆ. ಬಾಯಿಯ ತುದಿಗೆ ಬಂದಿದ್ದ ಮಾತನ್ನು ನುಂಗಿಕೊಂಡೆ.