ಗುರುತು ತಿನಿಸಿನ ಮೇಲೇ ಇರಲಿ

ನಾನಿರುವ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಗಾಂಜಾ ಸೇರಿಸಿದ ಚಾಕಲೇಟ್ ಅಥವಾ ಗಮ್ಮಿ ಎಂಬ ಜೆಲ್ಲಿ ಮಿಠಾಯಿ ಕೊಂಡರೆ, ಅದರ ಒಂದೊಂದು ತುಂಡಿನ ಮೇಲೂ ವಜ್ರಾಕೃತಿಯೊಳಗೆ ಆಶ್ಚರ್ಯಸೂಚಕ ಚಿಹ್ನೆ, ಟಿಎಚ್‌ಸಿ ಎಂಬ ಮೂರು ಅಕ್ಷರ ಅಚ್ಚಾಗಿರುತ್ತವೆ. ಅಮಲೇರಿಸುವ ಅಂಶದ ಹೆಸರು ಅದು. 2016ರ ಅಕ್ಟೋಬರಿನಿಂದ ಈ ಅಚ್ಚು ಕಡ್ಡಾಯ. ಮರುವರ್ಷ ಮನುಷ್ಯರ, ಪ್ರಾಣಿಗಳ, ಹಣ್ಣುಗಳ ಆಕಾರದ ಗಮ್ಮಿಗಳೂ ನಿಂತವು. ಅಮೆರಿಕದ ರಾಜ್ಯಗಳು ಗಾಂಜಾ ಮಾರಾಟಕ್ಕೆ ಮಾಡಿಕೊಂಡಿರುವ ನೂರಾರು ನಿಯಮಗಳಲ್ಲಿ ನನಗೆ ಅತ್ಯಂತ ವಿವೇಕದ್ದು ಅನ್ನಿಸುವುದು ಈ ಅಚ್ಚಿನ ನಿಯಮವೇ. ಪೊಟ್ಟಣ ಕಸದ ಬುಟ್ಟಿ ಸೇರಿದ ಮೇಲೂ ಎಚ್ಚರಿಕೆ ತಿನಿಸಿನ ಜೊತೆಗೇ ಉಳಿಯುತ್ತದೆ.

ಇಂಥ ನಿಯಮಗಳ ಹಿಂದೆ ಒಂದು ಸಾವಿದೆ. ಇಲ್ಲಿ ಅಂಗಡಿಗಳು ತೆರೆದದ್ದು 2014ರ ಜನವರಿ 1ರಂದು. ಮಾರ್ಚಿನಲ್ಲಿ ಡೆನ್ವರಿಗೆ ಬಂದಿದ್ದ 19 ವರ್ಷದ ವಿದ್ಯಾರ್ಥಿಯೊಬ್ಬ ಗಾಂಜಾ ಬಿಸ್ಕತ್ತಿನ ಚೂರು ತಿಂದ. ಅರ್ಧ ಮುಕ್ಕಾಲು ಗಂಟೆಯಾದರೂ ಏನೂ ಆಗಲಿಲ್ಲವೆಂದು ಉಳಿದದ್ದನ್ನೂ ತಿಂದುಬಿಟ್ಟ. ಆ ಒಂದು ಬಿಸ್ಕತ್ತಿನಲ್ಲಿ 65 ಮಿಲಿಗ್ರಾಂ ಟಿಎಚ್‌ಸಿ ಇತ್ತು. ರಾಜ್ಯದ ಲೆಕ್ಕದಲ್ಲಿ ಒಂದು ಸಲಕ್ಕೆ 10 ಮಿಲಿಗ್ರಾಂ, ಅಂದರೆ ಆರೂವರೆ ಸಲದ್ದು. ಕೆಲವೇ ಗಂಟೆಗಳಲ್ಲಿ ಅವನು ಬಾಲ್ಕನಿಯಿಂದ ಬಿದ್ದು ತೀರಿಕೊಂಡ. ಹೊಗೆಯಂತೆ ಗಾಂಜಾ ತಿನಿಸು ತಕ್ಷಣ ಏರುವುದಿಲ್ಲ, ಎರಡು ಗಂಟೆ ಹಿಡಿಯಬಹುದು. ಕಾಯಲಾರದವರು ಇನ್ನಷ್ಟು ತಿನ್ನುತ್ತಾರೆ. 2015ರ ಫೆಬ್ರವರಿಯಿಂದ ಪ್ರತಿ 10 ಮಿಲಿಗ್ರಾಂ ಬೇರೆಬೇರೆ ತುಂಡಾಗಿ ಗುರುತಿಸಿರಬೇಕು ಎಂದಾಯಿತು.

ನಮ್ಮ ಕಡೆಯ ದಾರಿ ಬೇರೆ. ಭಾರತದ 1985ರ ಮಾದಕವಸ್ತು ಕಾಯ್ದೆ ಗಾಂಜಾ ಗಿಡದ ಹೂತೆನೆಯನ್ನೂ ಅದರ ಅಂಟಾದ ಚರಸ್ಸನ್ನೂ ನಿಷೇಧಿಸಿ, ಬರೀ ಎಲೆಯನ್ನು ಹೊರಗಿಟ್ಟಿತು. ಆ ಎಲೆ ಅರೆದು ಮಾಡುವುದೇ ಭಂಗಿ, ಹಾಗಾಗಿ ಜೈಸಲ್ಮೇರಿನಲ್ಲಿ ಸರಕಾರದ ಪರವಾನಗಿಯ ಭಂಗಿ ಅಂಗಡಿಯೇ ಇದೆ. ಭಂಗಿ ಬೆರೆಸಿದ ಹಾಲಿನ ಪಾನೀಯ ಠಂಡಾಯಿಯಲ್ಲಿ ಎಷ್ಟು ಅಮಲಿದೆಯೆಂದು ಹೇಳುವುದು ಅರೆಯುವವರ ಕೈ ಅಂದಾಜು ಮಾತ್ರ. 2023ರಲ್ಲಿ ಮಂಗಳೂರಿನ ಅಂಗಡಿಗಳಲ್ಲಿ ಪೊಲೀಸರು ಹಿಡಿದ ಭಂಗಿ ಚಾಕಲೇಟಿನ ಸುದ್ದಿ ಓದಿದಾಗ ನನ್ನ ಮನಸ್ಸು ಕಾನೂನಿನ ಕಡೆಗೆ ಹೋಗಲಿಲ್ಲ. ಮಗುವೊಂದು ಅದನ್ನು ಬಾಯಿಗೆ ಹಾಕಿಕೊಂಡರೆ ವೈದ್ಯರು ಯಾವ ಅಂಕಿ ನೋಡಿ ಚಿಕಿತ್ಸೆ ಮಾಡಬೇಕು?

ಇಷ್ಟು ಹೇಳಿದ ಮೇಲೆ ಅಮೆರಿಕದವರು ನಮ್ಮಿಂದ ಕಲಿಯಬೇಕಾದ್ದನ್ನೂ ಹೇಳಲೇಬೇಕು. ನಮ್ಮ ಹಸಿರು ಚುಕ್ಕೆ ಕಾಶ್ಮೀರದಲ್ಲೂ ಒಂದೇ, ಕನ್ಯಾಕುಮಾರಿಯಲ್ಲೂ ಒಂದೇ. ಓದಲು ಬಾರದವರೂ ಅದನ್ನು ನೋಡಿ ಸಸ್ಯಾಹಾರವೆಂದು ತಿಳಿಯುತ್ತಾರೆ. ಇಲ್ಲಿ ಕೊಲೊರಾಡೊಗೆ ವಜ್ರಾಕೃತಿ, ಕ್ಯಾಲಿಫೋರ್ನಿಯಾಕ್ಕೆ ಎಲೆಯಿರುವ ತ್ರಿಕೋನ, ವಾಷಿಂಗ್ಟನ್ ರಾಜ್ಯದಲ್ಲಿ ಮಕ್ಕಳಿಗಲ್ಲ ಎಂದು ತಡೆಯುವ ಕೆಂಪು ಕೈ. ಕೊಲೊರಾಡೊದ ಒಂದು ಸಲದ ಪ್ರಮಾಣ ಮ್ಯಾಸಚೂಸೆಟ್ಸಿನಲ್ಲಿ ಎರಡು ಸಲದ್ದಾಗುತ್ತದೆ, ಅಲ್ಲಿನ ಮಿತಿ 5 ಮಿಲಿಗ್ರಾಂ. ಕೆನಡಾದಲ್ಲಿ ಇಡೀ ಪೊಟ್ಟಣಕ್ಕೇ 10 ಮಿಲಿಗ್ರಾಂ. ಅಮೆರಿಕದ ಕೇಂದ್ರ ಸರಕಾರ ರಾಜ್ಯಗಳ ಈ ಮಾರಾಟವನ್ನೇ ಒಪ್ಪಿಲ್ಲದ್ದರಿಂದ ದೇಶಕ್ಕೆಲ್ಲ ಒಂದು ಲೇಬಲ್ ಬರೆಯುವವರಿಲ್ಲ.

ಮಕ್ಕಳು ಬಿಚ್ಚಲಾರದ ಪೊಟ್ಟಣ ಎಲ್ಲೆಡೆ ಕಡ್ಡಾಯ ನಿಜ. ಮೂರೂವರೆಯಿಂದ ನಾಲ್ಕೂಕಾಲು ವರ್ಷದ ಮಕ್ಕಳ ಕೈಗೇ ಕೊಟ್ಟು ಅದನ್ನು ಪರೀಕ್ಷಿಸುತ್ತಾರೆ. ಆದರೂ ಆರು ವರ್ಷದೊಳಗಿನ ಮಕ್ಕಳು ಗಾಂಜಾ ತಿನಿಸು ತಿಂದ ಪ್ರಕರಣಗಳು ಅಮೆರಿಕದ ವಿಷ ಮಾಹಿತಿ ಕೇಂದ್ರಗಳಿಗೆ 2017ರಲ್ಲಿ 207 ಬಂದಿದ್ದರೆ 2021ರಲ್ಲಿ 3,054 ಬಂದವು. ಹೆಚ್ಚಿನವು ನಡೆದದ್ದು ಮಗುವಿನ ಮನೆಯಲ್ಲೇ. ನಮ್ಮವರ ಮನೆಗಳಲ್ಲಿ ಇನ್ನೊಂದು ಅಭ್ಯಾಸವಿದೆ: ತಂದದ್ದನ್ನೆಲ್ಲ ಡಬ್ಬಕ್ಕೆ ಸುರಿದಿಡುವುದು. ಡಬ್ಬಕ್ಕೆ ಬಿದ್ದ ಮೇಲೆ ಆ ಗಟ್ಟಿ ಮುಚ್ಚಳವೂ ಇಲ್ಲ, ಬರೆದ ಎಚ್ಚರಿಕೆಯೂ ಇಲ್ಲ. ಆರು ತಿಂಗಳಿಗೆಂದು ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ ಮೊಮ್ಮಗುವಿಗೊಂದು ಕೊಟ್ಟು ತಾವೊಂದು ತಿಂದರೆ ತಪ್ಪು ಅವರದಲ್ಲ. ಟಿಎಚ್‌ಸಿ ಎಂದರೇನೆಂದು ಅವರಿಗೆ ಯಾರೂ ಹೇಳಿಲ್ಲ.

ಕೊಲೊರಾಡೊದ ಗುರುತಿನಲ್ಲಿ ನನಗೆ ಕಾಣುವ ಕೊರತೆ ಇದೇ. ಜಾಗ ಸರಿಯಾಗಿದೆ, ಅಕ್ಷರ ಓದಿದರಷ್ಟೇ ಅರ್ಥವಾಗುತ್ತದೆ. ಮೊಂಟಾನಾ, ನ್ಯೂಜೆರ್ಸಿ, ವರ್ಮಾಂಟ್ ರಾಜ್ಯಗಳು ಒಂದೇ ಮಾನದಂಡದ ಹಳದಿ ತ್ರಿಕೋನವನ್ನು ಒಪ್ಪಿಕೊಂಡಿವೆ, ಅದರೊಳಗಿರುವುದು ಗಾಂಜಾ ಎಲೆಯ ಚಿತ್ರ. ಕೇಂದ್ರ ಸರಕಾರಕ್ಕೆ ಕಾಯದೆ ರಾಜ್ಯಗಳು ತಾವೇ ಒಂದಾಗಬಹುದು ಎಂಬುದಕ್ಕೆ ಅದೇ ಸಾಕ್ಷಿ. ಕೊಲೊರಾಡೊವೂ ಆ ಚಿತ್ರವನ್ನು ತೆಗೆದುಕೊಂಡು ತುಂಡಿನ ಮೇಲೆ ಒತ್ತಲಿ ಎಂದು ಇಲ್ಲಿನ ಶಾಸಕರಿಗೆ ಪತ್ರ ಬರೆಯುವವರು ಕನ್ನಡ ಕೂಟದಲ್ಲಿದ್ದರೆ ನಾನೂ ಸಹಿ ಹಾಕುತ್ತೇನೆ. ಅಲ್ಲಿಯವರೆಗೆ, ಇಂಥ ತಿನಿಸು ತರುವ ಮನೆಯವರು ಅದನ್ನು ಕೊಂಡ ಪೊಟ್ಟಣದಲ್ಲೇ ಬೀಗ ಹಾಕಿಡಲಿ, ವಿಷ ಮಾಹಿತಿ ಕೇಂದ್ರದ 1-800-222-1222 ಸಂಖ್ಯೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಿ, ಊರಿನಿಂದ ಹಿರಿಯರು ಬಂದ ದಿನವೇ ಆ ಗುರುತನ್ನು ಅವರಿಗೆ ತೋರಿಸಿ ವಿವರಿಸಲಿ.