ಆರು ತಂತಿ, ಅರವತ್ತಾರು ಸ್ಕ್ರೂ

ಕಳೆದ ವರ್ಷದ ಆಷಾಢದಲ್ಲಿ, ಮೂರು ದಿನದಿಂದ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣದ ಒಂದು ಮಧ್ಯಾಹ್ನ, ಚಿಕ್ಕಮಗಳೂರಿನ ನಮ್ಮ ಮನೆಗೆ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದು ಬಂದಿತು. ಆಷಾಢದಲ್ಲಿ ಹೊಸ ವಸ್ತುವನ್ನು ಹೊಸ್ತಿಲು ದಾಟಿಸಬಾರದೆಂಬುದು ಅಮ್ಮನ ನಂಬಿಕೆ. ಕೊರಿಯರ್‌ನವರಿಗೆ ಪಂಚಾಂಗ ನೋಡುವ ಅಭ್ಯಾಸವಿಲ್ಲವೆಂಬುದು ನನ್ನ ಸಮರ್ಥನೆ. ಪೆಟ್ಟಿಗೆಯೊಳಗೆ ಒಂದು ಎಲೆಕ್ಟ್ರಿಕ್ ಗಿಟಾರ್, ಒಂದು ಕೇಬಲ್, ಜೊತೆಗೆ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಅಲೆನ್ ಕೀಗಳಿದ್ದವು. ವೀಣೆ ಕೊಂಡವರಿಗೆ ಯಾರೂ ಸ್ಪ್ಯಾನರ್ ಕೊಟ್ಟು ಕಳುಹಿಸುವುದಿಲ್ಲ. ಆ ಕೀಗಳನ್ನು ಕಂಡ ಕೂಡಲೇ, ಈ ವಾದ್ಯದ ಉಳಿದ ಕೆಲಸವನ್ನು ನನ್ನ ತಲೆಗೇ ಕಟ್ಟಿದ್ದಾರೆಂದು ನಾನು ತಿಳಿಯಬೇಕಿತ್ತು. ಕಾಲೇಜಿನ ದಿನಗಳ ಆಸೆ ನಿವೃತ್ತಿಗೆ ಐದು ವರ್ಷ ಉಳಿದಿರುವಾಗ ಕೈಗೂಡಿದ ಸಂಭ್ರಮದಲ್ಲಿ ಅದು ಹೊಳೆಯಲಿಲ್ಲ.

ಮೊದಲ ವಾರ ನಾನು ಗಿಟಾರನ್ನು ನುಡಿಸಿದ್ದಕ್ಕಿಂತ ಎಣಿಸಿದ್ದೇ ಹೆಚ್ಚು. ಮುಂಭಾಗದ ಪ್ಲಾಸ್ಟಿಕ್ ಫಲಕಕ್ಕೆ ಹನ್ನೊಂದು ಸ್ಕ್ರೂ, ಕತ್ತನ್ನು ಒಡಲಿಗೆ ಬಿಗಿಯಲು ನಾಲ್ಕು, ತಂತಿಗೊಂದರಂತೆ ಅದನ್ನು ಹೊತ್ತು ನಿಲ್ಲುವ ಆರು ಪುಟ್ಟ ಕುದುರೆಗಳಿಗೆ ತಲಾ ಮೂರರಂತೆ ಹದಿನೆಂಟು, ಹೀಗೆ ಬಿರಡೆಗಳಿಂದ ಹಿಡಿದು ಬೆನ್ನಿನ ಮುಚ್ಚಳದವರೆಗೆ ಎಲ್ಲವನ್ನೂ ಕೂಡಿಸಿದಾಗ ಲೆಕ್ಕ ಅರವತ್ತಾರಕ್ಕೆ ಬಂದು ನಿಂತಿತು. "ಇದು ವಾದ್ಯವೇನೋ, ಮಿಕ್ಸಿಯೇನೋ?" ಎಂದು ಅಮ್ಮ ಕೇಳಿದಳು. ಹದಿನಾರರ ವಯಸ್ಸಿನಿಂದ ಮದುವೆಯಾಗುವ ತನಕ ವೀಣೆ ಕಲಿತಿದ್ದ ಅವಳಿಗೆ ತಂತಿವಾದ್ಯದ ವಿಷಯದಲ್ಲಿ ಮಾತನಾಡುವ ಹಕ್ಕಿದೆ.

ನನ್ನದು ಅಮೆರಿಕದ ಫೆಂಡರ್ ಕಂಪನಿಯು 1954ರಲ್ಲಿ ಹೊರತಂದ ಸ್ಟ್ರಾಟೊಕಾಸ್ಟರ್ ಎಂಬ ಮಾದರಿಯ ಅಗ್ಗದ ಪ್ರತಿರೂಪ. ಆ ಕಂಪನಿಯ ಸ್ಥಾಪಕ ಲಿಯೋ ಫೆಂಡರ್ ಅವರು 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದವರು; ಗಿಟಾರ್ ನುಡಿಸುವುದು ಅವರಿಗೆ ಬರುತ್ತಿರಲಿಲ್ಲ. ಜಗತ್ತಿನ ಲಕ್ಷಾಂತರ ಗಿಟಾರುಗಳಿಗೆ ಅಚ್ಚಾದ ಈ ವಾದ್ಯದ ಹಿಂದೆ ನುಡಿಸಲು ಬಾರದ ಒಬ್ಬ ರಿಪೇರಿಯವರಿದ್ದರೆಂಬ ಸಂಗತಿಯು, ನುಡಿಸಲು ಬಾರದೆ ಸ್ಕ್ರೂಡ್ರೈವರ್ ಹಿಡಿದು ಕುಳಿತಿದ್ದ ನನಗೆ ಎಷ್ಟು ಸಮಾಧಾನ ಕೊಟ್ಟಿತೆಂಬುದನ್ನು ಹೇಳಲಾರೆ. ಫಲಕವನ್ನು ಬಿಚ್ಚುವ ಧೈರ್ಯ ಬಂದದ್ದು ಅದರಿಂದಲೇ.

ಫಲಕದ ಮೇಲೆ ಸಾಲಾಗಿ ಮೂರು ಪಿಕಪ್‌ಗಳಿವೆ. ಒಂದೊಂದರಲ್ಲಿಯೂ ತಂತಿಗೊಂದರಂತೆ ಆರು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲಿನಷ್ಟು ಸಣ್ಣನೆಯ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತುಗಳು. ನಮ್ಮ ತೋಟಗಳ ಪಂಪ್‌ಸೆಟ್ ಮೋಟಾರು ಸುಟ್ಟಾಗ ರಿವೈಂಡಿಂಗ್ ಅಂಗಡಿಯಲ್ಲಿ ಸುತ್ತುವುದೂ ತಾಮ್ರವನ್ನೇ, ಆದರೆ ಇದು ಅದರ ಮರಿಮೊಮ್ಮಗುವಿನಂತಿದೆ. ಮೇಲಿನ ಉಕ್ಕಿನ ತಂತಿ ನಡುಗಿದಾಗ ಅಯಸ್ಕಾಂತದ ಕ್ಷೇತ್ರವೂ ನಡುಗಿ, ಸುರುಳಿಯಲ್ಲಿ ಅದೇ ಲಯದ ಕಿರುವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ, ಸೈಕಲ್ಲಿನ ಡೈನಮೋ ನಂಬಿಕೊಂಡಿರುವ ತತ್ತ್ವವೇ ಇದು. ಹೀಗಾಗಿ ಪಿಕಪ್ಪಿಗೆ ಗಾಳಿಯಲ್ಲಿರುವ ನಾದದ ಪರಿವೆಯಿಲ್ಲ, ಕಬ್ಬಿಣದ ಕದಲಿಕೆಯಷ್ಟೇ ಅದಕ್ಕೆ ಗೊತ್ತು. "ಇದನ್ನು ವೀಣೆಗೆ ಇಟ್ಟರೆ ಕೇಳುತ್ತದೆಯೇ?" ಎಂಬ ಅಮ್ಮನ ಪ್ರಶ್ನೆಗೆ, ಉಕ್ಕಿನ ಸಾರಣಿ ತಂತಿಯಾದರೆ ಕೇಳೀತು, ಹಿತ್ತಾಳೆಯ ತಂತಿಗೆ ಇದು ಕಿವುಡು ಎಂದು ಉತ್ತರಿಸಿದೆ. "ಹಾಗಾದರೆ ಅರ್ಧ ವೀಣೆ," ಎಂದು ಅವಳು ಆ ವಿಷಯವನ್ನು ಅಲ್ಲಿಗೇ ಮುಗಿಸಿದಳು.

ಯಾವ ಪಿಕಪ್ ಯಾವಾಗ ಎಚ್ಚರವಾಗಿರುತ್ತದೆಂದು ತಿಳಿಯಲು ಒಂದು ಸುಲಭವಾದ ಉಪಾಯವಿದೆ. ಆಂಪ್ಲಿಫೈಯರಿನ ದನಿಯನ್ನು ತಗ್ಗಿಸಿಟ್ಟು, ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದನ್ನೇ ಮೆಲ್ಲಗೆ ತಟ್ಟಿದರೆ, ಎಚ್ಚರವಾಗಿರುವುದು 'ಟಕ್' ಎಂದು ಓಗೊಡುತ್ತದೆ. ನನ್ನ ಗಿಟಾರಿನ ಸ್ವಿಚ್ಚಿಗೆ ಐದು ನೆಲೆಗಳು. 1954ರ ಮೂಲ ವಾದ್ಯಕ್ಕಿದ್ದದ್ದು ಮೂರೇ. ಆದರೆ ನುಡಿಸುವವರು, ನಾವು ಹಳೆಯ ರೇಡಿಯೊದ ಬ್ಯಾಂಡ್ ಗುಂಡಿಯನ್ನು ಎರಡು ಅಂಕಿಗಳ ನಡುವೆ ಉಪಾಯದಿಂದ ನಿಲ್ಲಿಸುತ್ತಿದ್ದಂತೆ, ಸ್ವಿಚ್ಚನ್ನು ನಡುವೆ ಸಿಕ್ಕಿಸಿ ಎರಡೆರಡು ಪಿಕಪ್‌ಗಳನ್ನು ಒಟ್ಟಿಗೆ ಮಾತನಾಡಿಸುತ್ತಿದ್ದರು. ಕಂಪನಿಯು 1977ರಲ್ಲಿ ಆ ಕಳ್ಳದಾರಿಯನ್ನೇ ರಾಜಮಾರ್ಗ ಮಾಡಿ ಐದು ನೆಲೆಗಳ ಸ್ವಿಚ್ಚನ್ನು ಕೂರಿಸಿತು.

ಇನ್ನು ವಾಲ್ಯೂಮಿನ ಗುಂಡಿ. ಹತ್ತರಿಂದ ಮೂರರವರೆಗೆ ತಿರುಗಿಸಿದರೂ ಅದು ಜಪ್ಪಯ್ಯ ಎನ್ನುತ್ತಿರಲಿಲ್ಲ. ಮೂರರಿಂದ ಕೆಳಗೆ ಒಮ್ಮೆಗೇ ಬಾವಿಗೆ ಬಿದ್ದಂತೆ ದನಿ ಇಲ್ಲವಾಗುತ್ತಿತ್ತು. ಫಲಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಬೀದಿಯ ಟಿ.ವಿ. ರಿಪೇರಿಯವರ ಬಳಿಗೆ ಹೋದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಫಲಕವನ್ನು ಮಗುಚಿ ನೋಡಿ, "ಇದರಲ್ಲೇನಿದೆ ಸಾರ್, ಇದು ನಮ್ಮ ರೇಡಿಯೊದ ಹೊಟ್ಟೆಯೇ!" ಎಂದು ನಕ್ಕರು. ಗುಂಡಿಯ ಬೆನ್ನಿನ ಮೇಲೆ ಬಿ 250 ಕೆ ಎಂದು ಬರೆದಿತ್ತು. 250 ಕೆ ಎಂದರೆ ಎರಡೂವರೆ ಲಕ್ಷ ಓಮ್‌ಗಳ ತಡೆ. ಬಿ ಎಂದರೆ ತಿರುಗಿಸಿದಷ್ಟೇ ಸಮನಾಗಿ ಬದಲಾಗುವಂಥದ್ದು. ಮನುಷ್ಯನ ಕಿವಿಯ ಲೆಕ್ಕ ಹಾಗೆ ಸಮನಾಗಿ ಏರಿಳಿಯುವುದಿಲ್ಲವಾದ್ದರಿಂದ ದನಿಗೆ ಎ ಎಂಬ ಬಗೆಯದೇ ಒಗ್ಗುತ್ತದೆಂದು ವಿವರಿಸಿ, ಹಳೆಯ ಡಬ್ಬವೊಂದನ್ನು ಕೆದಕಿ ಎ 250 ಕೆ ಗುಂಡಿಯನ್ನು ಹುಡುಕಿ ತೆಗೆದರು. ಟೋನ್ ಗುಂಡಿಗೆ ಬೆಸೆದಿದ್ದ ಕಂಡೆನ್ಸರಿನ ಮೇಲೆ 473 ಎಂಬ ಅಂಕಿಯಿತ್ತು. ನಲವತ್ತೇಳರ ಮುಂದೆ ಮೂರು ಸೊನ್ನೆ ಹಾಕಿದಷ್ಟು ಪಿಕೋಫ್ಯಾರಡ್, ಅಂದರೆ 0.047 ಮೈಕ್ರೋಫ್ಯಾರಡ್, ಸೀಲಿಂಗ್ ಫ್ಯಾನಿನ 2.5 ಮೈಕ್ರೋಫ್ಯಾರಡ್ ಕಂಡೆನ್ಸರಿನ ಐವತ್ತನೆಯ ಒಂದು ಪಾಲಿಗೂ ಕಡಿಮೆ. ಗುಂಡಿ ತಗ್ಗಿಸಿದಂತೆಲ್ಲ ಈ ಅಕ್ಕಿಕಾಳಿನಷ್ಟು ವಸ್ತುವು ಚೂಪಾದ ದನಿಗಳನ್ನು ಮಾತ್ರ ಹಿಡಿದು ಭೂಮಿಯ ತಂತಿಗೆ ಹರಿಯಬಿಡುತ್ತದೆ. ಗಿಟಾರಿನ ಟೋನ್ ಗುಂಡಿ ಏನನ್ನೂ ಕೂಡಿಸುವುದಿಲ್ಲ, ಕಳೆಯುತ್ತದೆ ಅಷ್ಟೇ; ಸೋಸಿ ಸೋಸಿ ಡಿಕಾಕ್ಷನ್ ತೆಗೆಯುವ ಊರಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ರಿಪೇರಿಯವರಿಗೆ ಲಿಯೋ ಫೆಂಡರ್ ಅವರ ಕಥೆ ಹೇಳಿದೆ. ಅವರು ಕೂಲಿ ತೆಗೆದುಕೊಳ್ಳಲಿಲ್ಲ.

ಗುಂಡಿ ಸರಿಹೋದ ಮೇಲೆ ಗುಂಯ್ ಎನ್ನುವ ಸದ್ದಿನ ಕಾಟ ಎದ್ದು ಕಂಡಿತು. ತಂತಿಯನ್ನು ಮುಟ್ಟದೆ ಸುಮ್ಮನೆ ಕುಳಿತಿದ್ದರೂ ಆಂಪ್ಲಿಫೈಯರಿನಿಂದ ಜೀರುಂಡೆಯಂಥ ಗುನುಗು ಹೊರಡುತ್ತಿತ್ತು. ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ಗೋಡೆಯೊಳಗಿನ ವೈರು, ಎಲ್ಲದರ ಸುತ್ತಲೂ ಸೆಕೆಂಡಿಗೆ 50 ಸಲ ತೊನೆಯುವ ಕಾಂತಕ್ಷೇತ್ರವಿರುತ್ತದೆ. ತಂತಿಯ ನಡುಕವನ್ನು ಹಿಡಿಯಲೆಂದು ಕುಳಿತ ಸುರುಳಿಯು ಅದನ್ನೂ ನಿಷ್ಪಕ್ಷಪಾತವಾಗಿ ಹಿಡಿಯುತ್ತದೆ. ಗಿಬ್ಸನ್ ಕಂಪನಿಯಲ್ಲಿದ್ದ ಸೆತ್ ಲವರ್ ಎಂಬುವರು 1955ರಲ್ಲಿ ಇದಕ್ಕೊಂದು ಪರಿಹಾರ ರೂಪಿಸಿದ್ದರು. ಒಂದಕ್ಕೊಂದು ವಿರುದ್ಧವಾಗಿ ಎರಡು ಸುರುಳಿಗಳನ್ನು ಸುತ್ತಿ, ಅವುಗಳ ಅಯಸ್ಕಾಂತಗಳ ಧ್ರುವಗಳನ್ನೂ ಅದಲುಬದಲಾಗಿಟ್ಟರೆ, ಹೊರಗಿನ ಗುನುಗು ಎರಡರಲ್ಲೂ ಎದುರುಬದುರಾಗಿ ಹುಟ್ಟಿ ವಜಾ ಆಗುತ್ತದೆ, ತಂತಿಯ ದನಿ ಮಾತ್ರ ಕೂಡಿಕೊಳ್ಳುತ್ತದೆ. ನನ್ನ ಗಿಟಾರಿನ ನಡುವಿನ ಪಿಕಪ್ಪನ್ನು ಹಾಗೆ ತಿರುವುಮುರುವಾಗಿ ಸುತ್ತಿರುವುದರಿಂದ ಎರಡನೆಯ ಮತ್ತು ನಾಲ್ಕನೆಯ ನೆಲೆಗಳಲ್ಲಿ ಮೌನ ನೆಲೆಸಿತು. ಉಳಿದ ಮೂರು ನೆಲೆಗಳಿಗೆ ನಾನು ಕಂಡುಕೊಂಡ ಪರಿಹಾರವೆಂದರೆ ದಿಕ್ಕು: ಕುರ್ಚಿಯ ಮೇಲೆ ಕುಳಿತು ನಿಧಾನವಾಗಿ ತಿರುಗುತ್ತ ಹೋದರೆ ಗುನುಗು ಏರಿಳಿಯುತ್ತದೆ, ಮುಳ್ಳಯ್ಯನಗಿರಿಯ ಕಡೆಗೆ ಮುಖ ಮಾಡಿದಾಗ ಬಹುಮಟ್ಟಿಗೆ ಅಡಗುತ್ತದೆ. ಅಮ್ಮ ಇದನ್ನು ಭಕ್ತಿಯೆಂದು ಭಾವಿಸಿದ್ದಾಳೆ. ನಾನು ತಿದ್ದಲು ಹೋಗಿಲ್ಲ.

ತಂತಿಗಳನ್ನು ಮುಟ್ಟಿದರೆ ಗುನುಗು ತಗ್ಗುವುದಕ್ಕೆ ಬೇರೆ ಕಾರಣವಿದೆ. ಕುದುರೆಗಳ ತಟ್ಟೆಯಿಂದ ಒಂದು ತಂತಿ ಒಳಗೊಳಗೇ ಸಾಗಿ, ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಒಡಲನ್ನೂ ಮೂರು ಪಿನ್ನಿನ ಪ್ಲಗ್ಗನ್ನೂ ಹಾದು, ಹಿತ್ತಲಿನ ಅರ್ಥಿಂಗ್ ಗುಂಡಿಯನ್ನು ಸೇರುತ್ತದೆ. ನುಡಿಸುವವನ ಬೆರಳು ನಮ್ಮ ಹಿತ್ತಲಿನ ಉಪ್ಪು ಮತ್ತು ಇದ್ದಿಲಿನೊಂದಿಗೆ ಸಂಬಂಧ ಬೆಳೆಸುತ್ತದೆಂದು ಅರ್ಥ. ಆ ಗುಂಡಿ ಒಣಗಿದ್ದರೆ ಅಥವಾ ಆಂಪ್ಲಿಫೈಯರು ಕೆಟ್ಟಿದ್ದರೆ ಈ ಸಂಬಂಧ ಅಪಾಯಕಾರಿಯಾಗಬಲ್ಲದು. ಆದ್ದರಿಂದ ಪ್ಲಗ್ಗಿನ ದಪ್ಪ ಪಿನ್ನನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕುವ ನಮ್ಮ ಮನೆಯ ಹಳೆಯ ಚಾಳಿಯನ್ನು ನಾನು ಗಿಟಾರಿನ ನೆಪದಲ್ಲಿ ನಿಲ್ಲಿಸಿದೆ, ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೊಂದು ಕೊಡ ನೀರು ಹಾಕುವ ಪದ್ಧತಿಯನ್ನು ಆರಂಭಿಸಿದೆ.

ವಿದ್ಯುತ್ತಿನ ಸಂಗತಿ ಇಷ್ಟಾದರೆ, ಮರದ ಸಂಗತಿ ಇನ್ನೂ ಸೂಕ್ಷ್ಮ. ಬೆರಳಿಡುವ ಹಲಗೆ ನಮ್ಮ ಬೀಟೆಯದು. ಪಶ್ಚಿಮ ಘಟ್ಟದ ಈ ಮರವು ಲೋಕದ ಗಿಟಾರುಗಳ ಹಲಗೆಯಾಗಿ ಹೋಗುತ್ತದೆ. ಸ್ವಂತ ತೋಟದಲ್ಲಿ ನಿಂತ ಬೀಟೆಯನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿಗಾಗಿ ಅಲೆಯುವ ಮಲೆನಾಡಿನವನಿಗೆ ಅದು ಆನ್‌ಲೈನಿನಲ್ಲಿ ಮರಳಿ ಬರುವುದು ಒಂದು ವಿನೋದವೇ ಸರಿ. ಆರು ತಂತಿಗಳು ಕೂಡಿ ಈ ಕತ್ತನ್ನು ಎಳೆಯುವ ಬಲ ಹೆಚ್ಚು ಕಡಿಮೆ ನಲವತ್ತು ಕೆ.ಜಿ., ಒಂದು ಕಾಫಿ ಮೂಟೆಗಿಂತ ಹತ್ತು ಕೆ.ಜಿ. ಕಡಿಮೆ. ಆ ಎಳೆತಕ್ಕೆ ಎದುರಾಗಿ ಕತ್ತಿನೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವ ಈ ಊರಿನಲ್ಲಿ ಗಿಟಾರಿನ ಕತ್ತು ಮಾತ್ರ ನೆಟ್ಟಗಿರಲಿ ಎನ್ನುವುದು ಹೇಗೆ? ತಂತಿಯನ್ನು ಹಲಗೆಯ ಮೇಲಿನ ಲೋಹದ ಅಡ್ಡಗೆರೆಗಳಾದ ಮೆಟ್ಟಿಲುಗಳಲ್ಲಿ ಮೊದಲನೆಯ ಮತ್ತು ಕೊನೆಯದರ ಮೇಲೆ ಒತ್ತಿ ಹಿಡಿದಾಗ ಏಳನೆಯ ಮೆಟ್ಟಿಲಿನ ಬಳಿ ಕಾಲು ಮಿಲಿಮೀಟರಿನಷ್ಟು ಸಂದು ಕಾಣಬೇಕು, ವಿಸಿಟಿಂಗ್ ಕಾರ್ಡು ತೂರುವಷ್ಟು. ನನ್ನದರಲ್ಲಿ ಲಗ್ನಪತ್ರಿಕೆಯೇ ತೂರುತ್ತಿತ್ತು. ಅಲೆನ್ ಕೀಯನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ಅಳೆದು, ಇನ್ನರ್ಧ ಕಾಲು ಸುತ್ತು ತಿರುಗಿಸಿದೆ. ಇದರಲ್ಲಿ ಅವಸರ ಮಾಡಿದರೆ ಒಳಗಿನ ಸರಳು ತುಂಡಾದೀತು. ಆಮೇಲೆ ಕುದುರೆಗಳನ್ನು ತಗ್ಗಿಸಿ, ಹನ್ನೆರಡನೆಯ ಮೆಟ್ಟಿಲಿನ ಮೇಲೆ ಸಣ್ಣ ತಂತಿಗೆ 1.6, ದಪ್ಪ ತಂತಿಗೆ 2 ಮಿಲಿಮೀಟರ್ ಅಂತರ ನಿಲ್ಲಿಸಿದೆ. ಬೆರಳುಗಳ ನೋವು ಅರ್ಧಕ್ಕಿಳಿಯಿತು. ಬೆನ್ನಿನ ಗೂಡಿನಲ್ಲಿದ್ದ ಸ್ಪ್ರಿಂಗುಗಳನ್ನು ಪೂರ್ತಿ ಬಿಗಿದು, ಕುದುರೆಗಳ ತಟ್ಟೆಯನ್ನು ತೂಗಾಡದಂತೆ ಮಾಡಿದೆ. ಸ್ವರವನ್ನು ಅಲುಗಾಡಿಸಲೆಂದು ಇರುವ ಆ ತೂಗಾಟ ನನಗೆ ಬೇಕಾಗಿರಲಿಲ್ಲ.

ಇಷ್ಟಾದರೂ ಮೇಲಿನ ಸ್ವರಗಳು ಹುಳಿಯಾಗಿಯೇ ಇದ್ದವು. ಒಳಗಿನ ಕೋಣೆಯಿಂದ ಅಮ್ಮನ ದನಿ ಬಂತು: "ಹನ್ನೆರಡನೇ ಮೆಟ್ಟಿಲಲ್ಲಿ ಷಡ್ಜ ಮೇಲಕ್ಕೆ ಹೋಗ್ತಿದೆ ಕಣೋ, ಕೇಳಿಸ್ತಿಲ್ವಾ?" ವೀಣೆಯಲ್ಲಿಯೂ ಹನ್ನೆರಡನೆಯ ಮೆಟ್ಟಿಲು ತಾರಷಡ್ಜದ್ದೇ. ನನ್ನ ಗಿಟಾರಿನಲ್ಲಿ ತಂತಿಯ ಉದ್ದ 648 ಮಿಲಿಮೀಟರ್, ಹನ್ನೆರಡನೆಯ ಮೆಟ್ಟಿಲಿರುವುದು ಸರಿಯಾಗಿ ಅರ್ಧದಲ್ಲಿ, 324ರಲ್ಲಿ. ಆದರೆ ಬೆರಳು ಒತ್ತಿದಾಗ ತಂತಿ ತುಸು ಹಿಗ್ಗಿ ಶ್ರುತಿ ಏರುತ್ತದೆ. ಆ ಏರಿಕೆಗೆ ತಕ್ಕಂತೆ ಪ್ರತಿ ತಂತಿಯ ಕುದುರೆಯನ್ನೂ ಬೇರೆಬೇರೆಯಾಗಿ ಹಿಂದಕ್ಕೆ ಸರಿಸಬೇಕು. ವೀಣೆಯವರಾದರೆ ಕುದುರೆಯನ್ನು ಬಿಟ್ಟು ಮೆಟ್ಟಿಲುಗಳನ್ನೇ ಸರಿಸುತ್ತಾರೆ: ಮೇಣವನ್ನು ಕಾಯಿಸಿ, ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ಕಿವಿಯ ಅಳತೆಯಲ್ಲಿ ಕೂರಿಸುವ ಆ ಕೆಲಸಕ್ಕೆ ಮೇಳ ಕಟ್ಟುವುದು ಎಂದು ಹೆಸರು. 'ಸೆಟಪ್' ಎಂಬುದಕ್ಕೆ ಇಷ್ಟು ಚೆನ್ನಾದ ಮಾತು ನಮ್ಮಲ್ಲಿರುವಾಗ ನಾನು ಒಂದು ತಿಂಗಳು ಅದನ್ನು ಬಳಸದೆ ಇದ್ದದ್ದಕ್ಕೆ ನಾಚಿಕೆಯಾಯಿತು. ಅಂದು ಸಂಜೆ ನಾನು ಸ್ಕ್ರೂ ತಿರುಗಿಸುತ್ತ ಹೋದೆ, ಅಮ್ಮ ಬೀನ್ಸ್ ಬಿಡಿಸುತ್ತ "ಇನ್ನೂ", "ಇನ್ನೂ", "ಹಾಂ, ಸಾಕು" ಎನ್ನುತ್ತ ಹೋದಳು. ಮೊಬೈಲಿನ ಟ್ಯೂನರಿನಲ್ಲಿ ಪರೀಕ್ಷಿಸಿದೆ. ಐದು ತಂತಿಗಳಲ್ಲಿ ಇಬ್ಬರೂ ಒಪ್ಪಿದರು. ಆರನೆಯದರಲ್ಲಿ ಮಾತ್ರ ಸ್ವರ ಅಲೆಅಲೆಯಾಗಿ ಕದಲುತ್ತಿತ್ತು. ಪಿಕಪ್ಪಿನ ಅಯಸ್ಕಾಂತ ತೀರಾ ಹತ್ತಿರದಲ್ಲಿ ಕುಳಿತು ದಪ್ಪ ತಂತಿಯನ್ನು ಎಳೆಯುತ್ತಿತ್ತೆಂದು ತಿಳಿದದ್ದು ಮರುದಿನ. ಎರಡು ಸ್ಕ್ರೂ ಸಡಿಲಿಸಿ ಅದನ್ನು ತಗ್ಗಿಸಿದ ಮೇಲೆ ಟ್ಯೂನರೂ ಅಮ್ಮನ ದಾರಿಗೆ ಬಂತು.

ಆ ರಾತ್ರಿ ಎಲ್ಲಿಯೋ ಲೈನಿನ ಮೇಲೆ ಕೊಂಬೆ ಬಿದ್ದು ಹೋಗಿದ್ದ ಕರೆಂಟು ಒಂಬತ್ತರ ಹೊತ್ತಿಗೆ ಬಂದಾಗ, ಆರಿಸುವುದನ್ನು ಮರೆತಿದ್ದ ಆಂಪ್ಲಿಫೈಯರು ತಾನಾಗಿಯೇ ಗುಂಯ್ ಎಂದಿತು. ಅಮ್ಮ ಒಂದು ಕ್ಷಣ ಆಲಿಸಿ, "ಇದು ಹಾರ್ಮೋನಿಯಂನ ಬಿಳಿ ಐದು, ನನ್ನ ಶ್ರುತಿ," ಎಂದಳು. ಲೆಕ್ಕ ಹಾಕಿದೆ. ಬಿಳಿ ಐದು, ಅಂದರೆ ಐದನೆಯ ಬಿಳಿ ಮನೆಯ ಸ್ವರ, ಮಂದ್ರದ ಮಂದ್ರದಲ್ಲಿ ಸೆಕೆಂಡಿಗೆ 49 ಕಂಪನ. ನಮ್ಮ ಕರೆಂಟು 50, ಒಂದು ಕೂದಲೆಳೆ ಮೇಲೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲವು ಉಳಿದ ದೇಶದ ಜಾಲದೊಂದಿಗೆ ಕೂಡಿಕೊಂಡಂದಿನಿಂದ ಕಾಶ್ಮೀರದ ದೀಪಕ್ಕೂ ನಮ್ಮ ಮನೆಯ ಫ್ಯಾನಿಗೂ ಇದೊಂದೇ ಶ್ರುತಿ. "ಅದಕ್ಕೇ ಮೂರನೇ ತಂತಿ ಸೇರಿಸಿಕೋ," ಎಂದಳು ಅಮ್ಮ. 196ರಲ್ಲಿದ್ದ ತಂತಿಯ ಬಿರಡೆಯನ್ನು ತುಸು ತಿರುಗಿಸಿ 200ಕ್ಕೆ ತಂದೆ, ಗುನುಗಿನೊಳಗೆ ತಂತಿ ಕರಗಿತು. ಅವಳು ತೊಡೆಯ ಮೇಲೆ ತಾಳ ಹಾಕಿ ಮಾಯಾಮಾಳವಗೌಳದ ಮೊದಲ ಸರಳೆಯನ್ನು ಎತ್ತಿದಳು; ನಾನು ಒಂದೊಂದೇ ಮೆಟ್ಟಿಲು ಹುಡುಕುತ್ತ ಹಿಂದೆ ಹೋದೆ. ಎರಡನೆಯ ಕಾಲಕ್ಕೆ ಬರುವ ಹೊತ್ತಿಗೆ ಮತ್ತೆ ಕರೆಂಟು ಹೋಯಿತು, ಶ್ರುತಿಯೂ ಹೋಯಿತು.